ಕನ್ನಡ ಸೀಮೆಯ ಕ್ರೈಸ್ತರ ಬಾಳುವೆ

ಬೆಂಗಳೂರಿನಿಂದ ಶಿವಮೊಗ್ಗೆಗೆ ಹೋಗುವ ಹೆದ್ದಾರಿಯು ತುಮಕೂರು, ಗುಬ್ಬಿ, ನಿಟ್ಟೂರುಗಳನ್ನು ದಾಟಿ ನಮ್ಮ ಕಿಬ್ಬನಹಳ್ಳಿಗೆ ಬರುವ ವೇಳೆಗೆ ಇಕ್ಕೆಲಗಳಲ್ಲಿಯೂ ತೆಂಗಿನ ತೋಟಗಳು ಒತ್ತಾಗಿ ನಿಲ್ಲುತ್ತವೆ. ಇಲ್ಲಿಂದ ಒಂದು ದಾರಿ ತುರುವೇಕೆರೆಯ ಕಡೆಗೂ ಮತ್ತೊಂದು ಚಿಕ್ಕನಾಯಕನಹಳ್ಳಿಯ ಕಡೆಗೂ ಒಡೆಯುತ್ತದೆ. ನೆಟ್ಟಗೆ ಹೋದರೆ ತಿಪಟೂರಿನ ಕೊಬ್ಬರಿಯ ಪೇಟೆ. ಈ ದಾರಿಯಲ್ಲಿ ದಂಡುಗಳು ನಡೆದಿವೆ, ಹೇರೆತ್ತುಗಳು ನಡೆದಿವೆ. ಜಂಗಮರೂ ದಾಸರೂ ನಾಟಕದ ಮಂಡಲಿಯವರೂ ನಡೆದಿದ್ದಾರೆ. ಇವರೆಲ್ಲರ ನಡುವೆ, ಹತ್ತೊಂಬತ್ತನೆಯ ಶತಮಾನದ ಮೊದಲರ್ಧದಲ್ಲಿ, ಕನ್ನಡವನ್ನು ತಡವರಿಸಿ ಆಡುತ್ತ ಸಂತೆಯಿಂದ ಸಂತೆಗೆ ಹೋಗುತ್ತಿದ್ದ ಇಂಗ್ಲಿಷ್ ಪಾದ್ರಿಗಳೂ ಇದ್ದರು.

ಪಾದ್ರಿಗಳ ಚರಿತ್ರೆಯನ್ನು ಬರೆದವರು ಹಲವರಿದ್ದಾರೆ. ಅವರು ಸ್ಥಾಪಿಸಿದ ಶಾಲೆ, ಮುದ್ರಣಾಲಯ, ಆಸ್ಪತ್ರೆ, ಅಚ್ಚು ಹಾಕಿಸಿದ ಹಳಗನ್ನಡ ಗ್ರಂಥ, ಕಟ್ಟಿದ ನಿಘಂಟು ಇವುಗಳನ್ನು ಕನ್ನಡಿಗರು ಕೃತಜ್ಞತೆಯಿಂದ ನೆನೆಯುತ್ತ ಬಂದಿದ್ದಾರೆ. ಅದು ಯುಕ್ತವೇ ಸರಿ. ಆದರೆ ಆ ಪಾದ್ರಿಗಳ ಮಾತನ್ನು ಕೇಳಿ ಅವರ ಮತವನ್ನು ಹಿಡಿದ ನಮ್ಮವರೇ ಆದ ಜನರು ಆಮೇಲೆ ಹೇಗೆ ಬಾಳಿದರೆಂಬುದನ್ನು ವಿಚಾರಿಸಿದವರು ವಿರಳ. ಪಾದ್ರಿಯು ಕೆಲವು ವರ್ಷ ಕೆಲಸಮಾಡಿ ಹಡಗನ್ನೇರಿ ಹೋದನು. ಇವರು ಅದೇ ಊರಿನಲ್ಲಿ, ಅದೇ ಕೆರೆಯ ಕೆಳಗೆ, ಅದೇ ನೆಂಟರ ಕಣ್ಣೆದುರಿನಲ್ಲಿ ಉಳಿದರು. ಕಾಲ ಬದಲಾಯಿತು; ದೊರೆತನ ಬದಲಾಯಿತು; ಹಿಂದೆ ಪಾದ್ರಿಯ ನೆರಳಿನಲ್ಲಿ ಇದ್ದವರೆಂದು ದೂರವಿಟ್ಟ ಜನವೇ ಮುಂದೆ ಇವರನ್ನು ಪರದೇಶದ ಕಡೆಯವರೆಂದು ಶಂಕಿಸಿತು. ಇಷ್ಟರ ನಡುವೆಯೂ ನಂಬುಗೆಯನ್ನು ಬಿಡದೆ, ನಾಡನ್ನೂ ಬಿಡದೆ ನಡೆದವರ ವೃತ್ತಾಂತವು ಈ ಲೇಖನದ ವಿಷಯ. ಮತವನ್ನು ಬದಲಾಯಿಸಿದವನು ಊರನ್ನೂ ನುಡಿಯನ್ನೂ ಹೆಸರನ್ನೂ ಬದಲಾಯಿಸಬೇಕೆ ಎಂಬ ಪ್ರಶ್ನೆಯು ಇದರ ಬೆನ್ನೆಲುಬಾಗಿದೆ.

ಮೊದಲು ಹತ್ತಿರದ ಗುಬ್ಬಿಯನ್ನೇ ನೋಡೋಣ. ವೆಸ್ಲಿಯನ್ ಪಂಗಡದವರು ೧೮೩೭ರಲ್ಲಿ ಅಲ್ಲಿ ಠಾಣೆಯನ್ನು ಮಾಡಿದರು. ಅದರ ಆದಿಯಲ್ಲಿ ದುಡಿದವರು ಥಾಮಸ್ ಹಾಡ್ಸನ್. ಕನ್ನಡಕ್ಕೆ ಒಂದು ಸುಲಭ ವ್ಯಾಕರಣವನ್ನು ಇಂಗ್ಲಿಷಿನಲ್ಲಿ ಬರೆದವರೂ ಇವರೇ. ೧೮೩೯ರಲ್ಲಿ ಐರ್ಲೆಂಡಿನಲ್ಲಿ ಹುಟ್ಟಿದ ಇಪ್ಪತ್ತರ ಪ್ರಾಯದ ವಿಲಿಯಂ ಆರ್ಥರ್ ಬಂದು ಸೇರಿದರು. ಇವರು ಗುಬ್ಬಿಯಲ್ಲಿದ್ದುದು ಎರಡೇ ವರ್ಷ. ಕಣ್ಣಿನ ಬೇನೆಯು ಹೆಚ್ಚಾದುದರಿಂದ ೧೮೪೧ರಲ್ಲಿ ಹಿಂದಿರುಗಬೇಕಾಯಿತು. ಆದರೆ ಆ ಎರಡು ವರ್ಷಗಳ ಅನುಭವವನ್ನು ಅವರು ೧೮೪೭ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ಒಂದು ಗ್ರಂಥದಲ್ಲಿ ಬರೆದಿಟ್ಟರು. ಮೈಸೂರು ಸೀಮೆಯ ಜನಜೀವನವನ್ನು ಇಂಗ್ಲೆಂಡಿನ ಜನರು ತಿಳಿದುಕೊಂಡ ಪುಸ್ತಕಗಳಲ್ಲಿ ಅದೊಂದು. ಇಬ್ಬನಿಯಲ್ಲಿ ಎದ್ದು ಸಂತೆಗೆ ಹೊರಡುವ ನಮ್ಮ ರೈತನು ಹೀಗೆ ಥೇಮ್ಸ್ ನದಿಯ ತೀರದ ಮನೆಗಳಲ್ಲಿ ಮಾತಿಗೆ ವಸ್ತುವಾದುದು ಒಂದು ವಿನೋದವೇ.

ಗುಬ್ಬಿಯು ವೀರಶೈವರ ದೊಡ್ಡ ನೆಲೆ. ಮಲ್ಲಣಾರ್ಯನಂಥ ಕವಿಗಳನ್ನು ಕಂಡ ಊರು. ತೋಂಟದ ಸಿದ್ಧಲಿಂಗ ಯತಿಗಳ ಎಡೆಯೂರು ಒಂದೆರಡು ದಿನದ ನಡಿಗೆಯಷ್ಟೇ. ದೇವರೊಬ್ಬನೇ ಎಂದು ಹೇಳುವುದಕ್ಕಾಗಿ ಪಾದ್ರಿಯು ಸಮುದ್ರವನ್ನು ದಾಟಿ ಇಂಥ ಊರಿಗೆ ಬರಬೇಕಾಗಿರಲಿಲ್ಲ. ಆ ಮಾತನ್ನು ಇಲ್ಲಿಯವರು ಅವನಿಗಿಂತ ಚೆನ್ನಾದ ಕನ್ನಡದಲ್ಲಿ ಹೇಳಬಲ್ಲವರಾಗಿದ್ದರು. ಆದಕಾರಣ ಗುಬ್ಬಿಯಲ್ಲಿ ಕೇಳುವವರು ಬಹಳ, ವಾದಿಸುವವರು ಬಹಳ, ದೀಕ್ಷಾಸ್ನಾನಕ್ಕೆ ಬರುವವರು ಮಾತ್ರ ಬೆರಳೆಣಿಕೆಯಷ್ಟು ಎಂದಾಯಿತು. ಹಾಡ್ಸನ್ನರು ಮುಪ್ಪಿನಲ್ಲಿ, ೧೮೭೭ರಲ್ಲಿ, ಈ ಗುಬ್ಬಿಯ ಸೀಮೆಯನ್ನು ಕುರಿತು ಒಂದು ಸಣ್ಣ ಪುಸ್ತಕವನ್ನು ಪ್ರಕಟಿಸಿದರು. ಅದರ ಹೆಸರು ‘ಮುದುಕ ಡೇನಿಯಲ್’. ಅವರು ತಮ್ಮ ಆತ್ಮಕಥೆಯನ್ನು ಬರೆಯಬಹುದಾಗಿತ್ತು, ಶಾಲೆಗಳ ಅಂಕಿಸಂಖ್ಯೆಗಳನ್ನು ಕೊಡಬಹುದಾಗಿತ್ತು. ಅದನ್ನು ಬಿಟ್ಟು, ಹಿಂದೂ ಮನೆಯಲ್ಲಿ ಹುಟ್ಟಿ ಕ್ರೈಸ್ತನಾದ ಒಬ್ಬ ಹಳ್ಳಿಗನ ಹೆಸರನ್ನು ಪುಸ್ತಕದ ಹಣೆಯ ಮೇಲೆ ಬರೆದರು. ಗುಬ್ಬಿಯ ಕೆಲಸದ ವೃತ್ತಾಂತವೂ ಹಳ್ಳಿಯ ಬಾಳಿನ ವರ್ಣನೆಯೂ ಆ ಹೆಸರಿನ ಹಿಂದೆ ಬಂದವು. ಇದರಲ್ಲಿ ಹಾಡ್ಸನ್ನರ ವಿವೇಕವು ಕಾಣುತ್ತದೆ. ಅಷ್ಟು ವರ್ಷದ ದುಡಿಮೆಯಲ್ಲಿ ತಾನು ಕಂಡ ದೊಡ್ಡ ಫಲವೆಂದರೆ ಕೊನೆಯವರೆಗೆ ನಿಂತ ಒಬ್ಬ ಮನುಷ್ಯನು ಎಂದು ಅವರು ತಿಳಿದಿರಬೇಕು.

ಹಾಗೆ ನಿಲ್ಲುವುದಕ್ಕೆ ತೆರಬೇಕಾಗಿದ್ದ ಬೆಲೆಯನ್ನು ಇಂದಿನವರು ಊಹಿಸುವುದು ಸ್ವಲ್ಪ ಕಷ್ಟ. ಆ ಕಾಲದ ಹಳ್ಳಿಯಲ್ಲಿ ಮತವೆಂಬುದು ಮನಸ್ಸಿನ ಅಭಿಪ್ರಾಯವಾಗಿರಲಿಲ್ಲ. ಯಾವ ಬಾವಿಯಲ್ಲಿ ನೀರು ಸೇದುವುದು, ಯಾರ ಪಂಕ್ತಿಯಲ್ಲಿ ಕೂರುವುದು, ಮಗಳನ್ನು ಯಾವ ಮನೆಗೆ ಕೊಡುವುದು, ಸತ್ತರೆ ಹೆಗಲು ಕೊಡುವವರು ಯಾರು, ಇವೆಲ್ಲವೂ ಅದರೊಳಗೆ ಸೇರಿದ್ದುವು. ಬ್ರಿಟಿಷ್ ಇಂಡಿಯಾದಲ್ಲಿ ೧೮೫೦ನೆಯ ಇಸವಿಯ ೨೧ನೆಯ ಕಾಯಿದೆಯು, ಮತವನ್ನು ಅಥವಾ ಜಾತಿಯನ್ನು ಬಿಟ್ಟ ಮಾತ್ರಕ್ಕೆ ಒಬ್ಬನ ದಾಯಭಾಗದ ಹಕ್ಕು ಹೋಗಲಾಗದೆಂದು ವಿಧಿಸಿತು. ಕಾಯಿದೆಯು ಹೊಲದ ಪಾಲನ್ನು ಉಳಿಸಿಕೊಡಬಹುದು. ಹಬ್ಬದ ದಿನ ಅಣ್ಣನ ಮನೆಯಲ್ಲಿ ಎಲೆ ಹಾಕಿಸಿಕೊಡಲಾರದು. ಇನ್ನು ಸಮಾಜದ ಅಂಚಿನಲ್ಲಿ ಇಡಲ್ಪಟ್ಟಿದ್ದವರ ವಿಷಯ ಬೇರೆ. ಅವರಿಗೆ ಆ ಬಾವಿಯೂ ಆ ಪಂಕ್ತಿಯೂ ಮೊದಲೇ ಇರಲಿಲ್ಲ; ಕಳೆದುಕೊಳ್ಳುವುದಕ್ಕಿಂತ ಪಡೆಯುವುದೇ ಹೆಚ್ಚಾಗಿತ್ತು. ಇದನ್ನು ಹಂಗಿಸುವ ಮಾತಾಗಿ ಕೆಲವರು ಆಡುತ್ತಾರೆ. ಅಕ್ಷರ, ಮಾನ, ಒಂದೇ ಚಾಪೆಯ ಮೇಲೆ ಕೂರುವ ಅವಕಾಶ ಇವುಗಳನ್ನು ಬಯಸಿದವನ ಬಯಕೆಯಲ್ಲಿ ಹಂಗಿಸತಕ್ಕದ್ದೇನಿದೆಯೋ ನಮಗೆ ತಿಳಿಯದು.

ಗುಬ್ಬಿಯ ವೃತ್ತಾಂತವು ಹೊಸದು. ಮೈಸೂರು ಸೀಮೆಯಲ್ಲಿ ಕ್ರೈಸ್ತರ ಕಥೆಯು ಅದಕ್ಕೂ ಸುಮಾರು ಎರಡು ನೂರು ವರ್ಷ ಹಿಂದಕ್ಕೆ ಹೋಗುತ್ತದೆ. ಕಂಠೀರವ ನರಸರಾಜ ಒಡೆಯರು ಆಳುತ್ತಿದ್ದಾಗ, ೧೬೪೮-೪೯ರ ಸುಮಾರಿನಲ್ಲಿ, ಇಟಲಿಯವರಾದ ಲಿಯೊನಾರ್ಡೊ ಚಿನ್ನಾಮಿ ಎಂಬ ಜೆಸುಯಿಟ್ ಗುರುಗಳು ಶ್ರೀರಂಗಪಟ್ಟಣಕ್ಕೆ ಬಂದರು. ಮಧುರೆಯಲ್ಲಿ ರಾಬರ್ಟ್ ಡಿ ನೊಬಿಲಿಯು ಹಾಕಿಕೊಟ್ಟ ಪದ್ಧತಿಯಂತೆ ಇವರು ಸಂನ್ಯಾಸಿಯ ವೇಷವನ್ನು ಧರಿಸಿ, ಈ ನಾಡಿನ ಊಟವನ್ನು ಉಂಡು, ಕನ್ನಡವನ್ನು ಕಲಿತು, ಅದರ ವ್ಯಾಕರಣವನ್ನೂ ಮತದ ಪ್ರಶ್ನೋತ್ತರಗಳನ್ನೂ ಬರೆದರು. ಇವರ ಮಾರ್ಗದ ಹುರುಳು ಇಷ್ಟು: ಕ್ರೈಸ್ತನಾಗುವವನು ಪೋರ್ಚುಗೀಸನಾಗಬೇಕಾಗಿಲ್ಲ. ಹಣೆಗೆ ಗಂಧವಿಡುವುದು, ತಾಳಿ ಕಟ್ಟುವುದು, ಮದುವೆಯಲ್ಲಿ ತೆಂಗಿನಕಾಯಿ ಒಡೆಯುವುದು ಇವುಗಳಲ್ಲಿ ದೇಶಾಚಾರ ಯಾವುದು, ದೇವತಾರಾಧನೆ ಯಾವುದು ಎಂದು ವಿಂಗಡಿಸಿ, ಮೊದಲನೆಯದನ್ನು ಉಳಿಸಬಹುದೆಂದು ಇವರ ಮತ.

ಈ ವಿಂಗಡಣೆಯು ಹೇಳಿದಷ್ಟು ಸುಲಭವಲ್ಲ. ಪ್ರತಿಪಕ್ಷದವರು ಇದನ್ನು ರೋಮಿನವರೆಗೆ ಒಯ್ದರು. ೧೭೦೪ರಲ್ಲಿ ಪೋಪರ ಪ್ರತಿನಿಧಿಯಾದ ದ ತೂರ್ನೋನರು ಪುದುಚ್ಚೇರಿಯಲ್ಲಿ ಒಂದು ಆಜ್ಞೆಯನ್ನು ಹೊರಡಿಸಿ ಇಂಥ ಹಲವು ಆಚಾರಗಳನ್ನು ನಿಷೇಧಿಸಿದರು; ದೀಕ್ಷೆ ಪಡೆದವರಿಗೆ ಸಂತರ ಹೆಸರನ್ನೇ ಇಡಬೇಕೆಂದೂ ವಿಧಿಸಿದರು. ನಾಲ್ವತ್ತು ವರ್ಷ ವಾದ ನಡೆದು ೧೭೪೪ರಲ್ಲಿ ಪೋಪ್ ಹದಿನಾಲ್ಕನೆಯ ಬೆನೆಡಿಕ್ಟರ ಆಜ್ಞೆಯಿಂದ ಅದು ಮುಗಿಯಿತು. ನಮ್ಮ ಸೀಮೆಯಲ್ಲಿ ಉಂಡೆ ಕೊಬ್ಬರಿಯನ್ನು ಮಾಡುವ ಕ್ರಮವನ್ನು ಬಲ್ಲವರಿಗೆ ಈ ಜಗಳದ ತೊಡಕು ಬೇಗ ತಿಳಿದೀತು. ಸುಲಿಯದ ಕಾಯನ್ನು ಅಟ್ಟದ ಮೇಲೆ ಹತ್ತಿರ ಹತ್ತಿರ ವರ್ಷಕಾಲ ಇಟ್ಟರೆ ಒಳಗಿನ ನೀರು ಇಂಗಿ, ತಿರುಳು ತಾನಾಗಿಯೇ ಕರಟವನ್ನು ಬಿಟ್ಟು, ಅಲುಗಾಡಿಸಿದರೆ ಸದ್ದು ಮಾಡುತ್ತದೆ. ಆಗ ಒಡೆದರೆ ಗುಂಡಾದ ಕೊಬ್ಬರಿ ಕೈಗೆ ಬರುತ್ತದೆ. ಮೊದಲೇ ಒಡೆದರೆ ಕರಟಕ್ಕೆ ಅಂಟಿದ ತಿರುಳೂ ಚೂರಾಗುತ್ತದೆ. ತಿರುಳು ಯಾವುದು, ಕರಟ ಯಾವುದು ಎಂದು ರೋಮಿನಲ್ಲಿ ಕುಳಿತವರಿಗೂ ತಿಳಿದಿತ್ತು. ಸಮಯ ಯಾವುದು ಎಂಬುದು ಮಾತ್ರ ತಿಳಿದಿರಲಿಲ್ಲ.

ಆದರೆ ಜನರು ಆಜ್ಞೆಯನ್ನು ಮೀರದೆಯೇ ದಾರಿಯನ್ನು ಕಂಡುಕೊಂಡರು. ಹೆಸರುಗಳನ್ನೇ ನೋಡಿರಿ. ಸಂತ ಪಾವ್ಲನ ಹೆಸರಿಗೆ ಲತೀನಿನಲ್ಲಿ ‘ಚಿಕ್ಕವನು’ ಎಂಬ ಅರ್ಥವಿರುವುದರಿಂದ ತಮಿಳರು ಅದನ್ನು ಚಿನ್ನಪ್ಪ ಎಂದು ಮಾಡಿದರು. ಅದು ಕನ್ನಡಕ್ಕೆ ಬಂದಾಗ ಚಿಕ್ಕತನವು ಹೋಗಿ ಬಂಗಾರವಾಯಿತು. ಪೇತ್ರನು ರಾಯಪ್ಪನಾದನು. ಆಂತೋನಿಯು ಅಂತೋಣಪ್ಪನಾದನು. ಗೋವೆಯ ಷೇವಿಯರನು ಮೈಸೂರಿನ ಹಳ್ಳಿಗಳಲ್ಲಿ ಚೌರಪ್ಪನೆಂದು ನೇಗಿಲನ್ನು ಹಿಡಿದನು. ಸಂತರ ಹೆಸರೂ ಉಳಿಯಿತು, ಅಪ್ಪನೆಂಬ ಕನ್ನಡದ ಬಾಲವೂ ಉಳಿಯಿತು. ಚಿನ್ನಪ್ಪನೆಂಬ ಹೆಸರು ಕೊಡಗರಲ್ಲಿಯೂ ಬಯಲುಸೀಮೆಯ ಇತರ ಕುಲಗಳಲ್ಲಿಯೂ ಧಾರಾಳವಾಗಿ ಇರುವುದರಿಂದ, ಕಂದಾಯದ ಪುಸ್ತಕದಲ್ಲಿ ಆ ಹೆಸರನ್ನು ಓದಿದ ಶಾನುಭೋಗನಿಗೆ ಆತನ ಮತವು ಯಾವುದೆಂದು ತಿಳಿಯುವಂತಿರಲಿಲ್ಲ.

ಇನ್ನು ಆಬೆ ದ್ಯುಬುವಾ ಅವರ ಮಾತು. ಫ್ರೆಂಚರಾದ ಇವರು ೧೭೯೨ರಲ್ಲಿ ಇಂಡಿಯಾಕ್ಕೆ ಬಂದು, ೧೭೯೯ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ ಮೈಸೂರು ಸೀಮೆಯ ಕ್ರೈಸ್ತರನ್ನು ಒಟ್ಟುಗೂಡಿಸುವ ಕೆಲಸವನ್ನು ವಹಿಸಿಕೊಂಡರು. ಟಿಪ್ಪುವಿನ ಕಾಲದಲ್ಲಿ ಬಲವಂತದಿಂದ ಮತವನ್ನು ಬಿಡಬೇಕಾಗಿ ಬಂದಿದ್ದವರನ್ನು ಮತ್ತೆ ಸಭೆಗೆ ಸೇರಿಸಿಕೊಂಡುದು ಇವರ ಮೊದಲ ಕೆಲಸ. ನಾಡ ಉಡುಗೆಯನ್ನುಟ್ಟು, ನಾಡ ಊಟವನ್ನುಂಡು ಬಾಳಿದ ಇವರನ್ನು ಜನರು ‘ದೊಡ್ಡ ಸ್ವಾಮಿಯವರು’ ಎಂದು ಕರೆದರು. ಹಾಸನದ ಬಳಿಯ ಸಾತಳ್ಳಿಯಲ್ಲಿ ಕ್ರೈಸ್ತ ರೈತರ ನೆಲೆಯನ್ನು ಮಾಡಿದರು. ೧೮೦೩-೦೪ರಲ್ಲಿ ಸಿಡುಬಿಗೆ ದೇವಿ ಹಾಕುವ ಹೊಸ ಕ್ರಮವನ್ನು ಹಿಡಿದು ೨೫,೦೦೦ಕ್ಕೂ ಮಿಕ್ಕ ಜನಕ್ಕೆ ಹಾಕಿಸಿದರು. ಹಿಂದೂಗಳ ಆಚಾರವಿಚಾರಗಳನ್ನು ಕುರಿತು ಅವರ ಹೆಸರಿನಲ್ಲಿ ಪ್ರಸಿದ್ಧವಾದ ಗ್ರಂಥದ ಬಹುಭಾಗವು ಅವರಿಗಿಂತ ಹಿಂದಿನ ಕೂರ್ದು ಎಂಬ ಜೆಸುಯಿಟ್ ಗುರುಗಳ ಬರೆವಣಿಗೆಯಿಂದ ಬಂದುದೆಂದು ಈಚಿನ ವಿದ್ವಾಂಸರು ತೋರಿಸಿದ್ದಾರೆ. ಅದು ಬೇರೆ ಕಥೆ.

ನಮಗೆ ಇಲ್ಲಿ ಬೇಕಾದುದು ಮತ್ತೊಂದು. ಮೂವತ್ತು ವರ್ಷದ ದುಡಿಮೆಯ ಮೇಲೆ ೧೮೨೩ರಲ್ಲಿ ಸ್ವದೇಶಕ್ಕೆ ಹಿಂದಿರುಗಿದ ದ್ಯುಬುವಾ ಅವರು, ಅದೇ ವರ್ಷ ಲಂಡನ್ನಿನಲ್ಲಿ ಪ್ರಕಟಿಸಿದ ಪತ್ರಗಳಲ್ಲಿ, ಹಿಂದೂಗಳನ್ನು ನಿಜವಾದ ಕ್ರೈಸ್ತರನ್ನಾಗಿ ಮಾಡುವುದು ಮನುಷ್ಯಸಾಧ್ಯವಲ್ಲವೆಂದು ಬರೆದರು. ತಾನು ದೀಕ್ಷೆ ಕೊಟ್ಟವರಲ್ಲಿ ಮನಸಾರೆ ನಂಬಿದವರು ಅತ್ಯಲ್ಪರೆಂದು ಅವರಿಗೆ ತೋರಿತು. ಪ್ರಾಟೆಸ್ಟೆಂಟ್ ಪಾದ್ರಿಗಳು ಸಿಟ್ಟಾಗಿ ಪುಸ್ತಕಗಳನ್ನೇ ಬರೆದು ಉತ್ತರ ಕೊಟ್ಟರು. ಆದರೆ ನಿಜವಾದ ಉತ್ತರವನ್ನು ಕೊಟ್ಟವರು ಸಾತಳ್ಳಿಯ ರೈತರು, ಅದೂ ಒಂದು ಮಾತನ್ನೂ ಆಡದೆ. ದೊಡ್ಡ ಸ್ವಾಮಿಯವರು ಹೋದ ಮೇಲೆಯೂ ಅವರು ರಾಗಿಯನ್ನು ಬಿತ್ತಿದರು, ಜಪಸರವನ್ನು ಹಿಡಿದರು, ಮಕ್ಕಳಿಗೆ ಚೌರಪ್ಪ ಚಿನ್ನಪ್ಪ ಎಂದು ಹೆಸರಿಟ್ಟರು. ಆ ಸುತ್ತಿನ ಶೆಟ್ಟಿಹಳ್ಳಿಯಲ್ಲಿ ೧೮೬೦ರ ಸುಮಾರಿನಲ್ಲಿ ಫ್ರೆಂಚ್ ಗುರುಗಳು ಕಟ್ಟಿಸಿದ ದೊಡ್ಡ ದೇವಾಲಯವು ಗೊರೂರಿನ ಅಣೆಕಟ್ಟೆಯಾದ ಮೇಲೆ ಹೇಮಾವತಿಯ ಹಿನ್ನೀರಿಗೆ ಸಿಕ್ಕಿ, ಮಳೆಗಾಲದಲ್ಲಿ ಮುಳುಗುತ್ತ ಬೇಸಗೆಯಲ್ಲಿ ಏಳುತ್ತ ಪಾಳಾಗಿ ನಿಂತಿದೆ. ಅದನ್ನು ನೋಡಲು ದೂರದಿಂದ ಜನ ಬರುತ್ತಾರೆ. ಕಟ್ಟಡವು ಹೋಯಿತು, ಒಕ್ಕಲು ಬೇರೆ ಊರುಗಳಲ್ಲಿ ಮನೆ ಕಟ್ಟಿಕೊಂಡಿತು. ಎರಡು ನೂರು ವರ್ಷದ ಹಿಂದೆ ಅಸಾಧ್ಯವೆಂದು ಬರೆದುದು ಈ ಒಕ್ಕಲನ್ನು ಕುರಿತೇ.

ಮತವು ಮನೆಯೊಳಕ್ಕೆ ಬರಬೇಕಾದರೆ ಮಾತಿನ ಬಾಗಿಲಿನಿಂದಲೇ ಬರಬೇಕು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ೧೮೧೦ರಲ್ಲಿ ಬಳ್ಳಾರಿಗೆ ಬಂದು ಬೈಬಲನ್ನು ಕನ್ನಡಿಸಲು ತೊಡಗಿದರು. ೧೮೩೧ರ ವೇಳೆಗೆ ಅದು ಪೂರ್ತಿಯಾಗಿ ಅಚ್ಚಾಯಿತು. ಆ ಮೊದಲ ಭಾಷಾಂತರದ ಕನ್ನಡವು ಚೆನ್ನಾಗಿರಲಿಲ್ಲವೆಂದು ಮುಂದಿನ ಪಾದ್ರಿಗಳೇ ಒಪ್ಪಿ, ಮತ್ತೆ ಮತ್ತೆ ತಿದ್ದಿದರು. ಆದರೆ ಆಗ ಆರಿಸಿಕೊಂಡ ಮತ್ತು ಆಮೇಲೆ ನಿಂತ ಶಬ್ದಗಳನ್ನು ನೋಡಿದರೆ ನಮಗೆ ಆಶ್ಚರ್ಯವಾಗುತ್ತದೆ. ನೀರಿನಿಂದ ಮಾಡುವ ಸಂಸ್ಕಾರಕ್ಕೆ ದೀಕ್ಷಾಸ್ನಾನವೆಂದರು. ದೀಕ್ಷೆಯೆಂದರೇನೆಂದು ಎಡೆಯೂರಿನ ಸೀಮೆಯ ಕೂಸಿಗೂ ಗೊತ್ತು. ದೇವರಿಗೂ ಮನುಷ್ಯರಿಗೂ ಆದ ಕರಾರಿಗೆ ಒಡಂಬಡಿಕೆಯೆಂದರು; ಅದು ವ್ಯವಹಾರದ ಮಾತು, ಸಾಲಗಾರನೂ ಸಾಹುಕಾರನೂ ಬಲ್ಲ ಮಾತು. ಭಕ್ತರ ಕೂಟಕ್ಕೆ ಸಭೆಯೆಂದೂ ಅದನ್ನು ಕಾಯುವವನಿಗೆ ಸಭಾಪಾಲಕನೆಂದೂ ಹೆಸರಾಯಿತು. ಕ್ಯಾಥೊಲಿಕರು ಇನ್ನೂ ಮುಂದೆ ಹೋಗಿ ಪೂಜೆ, ಸ್ವಾಮಿ, ಪರಮಪ್ರಸಾದ ಎಂಬ ಶಬ್ದಗಳನ್ನು ಹಿಡಿದರು. ಪ್ರಾಟೆಸ್ಟೆಂಟರು ಪೂಜೆಯೆಂಬುದಕ್ಕೆ ಅಂಜಿ ಆರಾಧನೆಯೆಂದರು. ಒಂದೇ ಊರಿನ ಎರಡು ಪಂಗಡದ ಕ್ರೈಸ್ತರನ್ನು ಅವರ ಮಾತಿನಿಂದಲೇ ಗುರುತಿಸಬಹುದು.

ಶಬ್ದಗಳ ಹಿಂದೆ ಭಾವವೂ ಬರುತ್ತದೆ. ಭಕ್ತಿ, ಕೃಪೆ, ಮೋಕ್ಷ, ಪಾಪ ಎಂಬ ಮಾತುಗಳನ್ನು ಬಸವಾದಿ ಶರಣರೂ ಪುರಂದರಾದಿ ದಾಸರೂ ಬಳಸಿ ಹದಮಾಡಿ ಬಿಟ್ಟಿದ್ದರು. ಕನ್ನಡದ ಕ್ರೈಸ್ತನು ಅವುಗಳನ್ನೇ ಎತ್ತಿಕೊಂಡು ತನ್ನ ದೇವರನ್ನು ಪ್ರಾರ್ಥಿಸಿದಾಗ, ತಿಳಿದೋ ತಿಳಿಯದೆಯೋ ಆ ಹಿರಿಯರ ಋಣಕ್ಕೆ ಒಳಗಾದನು. ಇದನ್ನು ಚೆನ್ನಾಗಿ ಕಂಡುಕೊಂಡವರು ಕರಾವಳಿಯ ಬಾಸೆಲ್ ಮಿಷನ್ನಿನ ಕೆಲವರು. ೧೮೪೩ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದ ಹರ್ಮನ್ ಮೋಗ್ಲಿಂಗರು ೧೮೫೦ರಲ್ಲಿ ದಾಸರ ಪದಗಳನ್ನು ಅಚ್ಚು ಹಾಕಿಸಿದರು. ಫರ್ಡಿನೆಂಡ್ ಕಿಟ್ಟೆಲರು ೧೮೬೨ರಲ್ಲಿ ‘ಕಥಾಮಾಲೆ’ಯಲ್ಲಿ ಕ್ರಿಸ್ತನ ಚರಿತ್ರೆಯನ್ನು ನಮ್ಮ ಛಂದಸ್ಸಿನಲ್ಲಿ ಹೇಳಿದರು. ಜರ್ಮನಿಯ ರಾಗಕ್ಕೆ ಕನ್ನಡದ ಮಾತನ್ನು ಎಳೆದು ಕಟ್ಟಿದ ಕೀರ್ತನೆಗಳನ್ನು ಹಾಡುತ್ತಿದ್ದ ಸಭೆಗಳಿಗೆ ಅದು ಹೊಸ ಗಾಳಿಯಾಗಬೇಕಾಗಿತ್ತು. ೧೮೯೪ರ ಅವರ ನಿಘಂಟಿನ ಕೀರ್ತಿಯಲ್ಲಿ ಈ ಸಣ್ಣ ಕಾವ್ಯವು ಮರೆತುಹೋದುದು ವಿಷಾದದ ಸಂಗತಿ. ಮತದ ದೃಷ್ಟಿಯಿಂದ ನೋಡಿದರ್‍ಥ ನಿಘಂಟಿಗಿಂತ ಅದೇ ಹೆಚ್ಚು ಸಾಹಸದ ಕೆಲಸ.

ದೀಕ್ಷೆ ಪಡೆದವರನ್ನು ಎಲ್ಲಿ ಇರಿಸುವುದು ಎಂಬುದು ಮಿಷನ್ನಿನವರಿಗೆ ದೊಡ್ಡ ತೊಡಕಾಯಿತು. ಮಂಗಳೂರಿನಲ್ಲಿ ಸಾರಸ್ವತ ಮನೆತನದ ತರುಣ ಆನಂದರಾಯ ಕೌಂಡಿನ್ಯರು ೧೮೪೪ರಲ್ಲಿ ಕ್ರೈಸ್ತರಾದಾಗ ಊರೇ ಕದಡಿತು. ಅವರು ಬಾಸೆಲ್ಲಿಗೆ ಹೋಗಿ ಕಲಿತು ೧೮೫೧ರಲ್ಲಿ ಉಪದೇಶಕರಾಗಿ ಹಿಂದಿರುಗಿದರು. ಎಲ್ಲರಿಗೂ ಅಂಥ ದಾರಿ ಇರಲಿಲ್ಲ. ಕುಲಕಸುಬನ್ನು ಕಳೆದುಕೊಂಡವರಿಗಾಗಿ ಬಾಸೆಲ್ಲಿನವರು ಮಗ್ಗಗಳನ್ನು ಹೂಡಿದರು, ಅಚ್ಚುಕೂಟವನ್ನು ನಡೆಯಿಸಿದರು, ೧೮೬೫ರಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದರು. ಮಂಗಳೂರು ಹೆಂಚು ನಮ್ಮ ಊರುಗಳ ಮನೆಗಳ ಮೇಲೂ ಕುಳಿತಿದೆ. ಅದರ ಮೂಲವು ಅನ್ನ ಕಳೆದುಕೊಂಡ ಒಂದು ಸಣ್ಣ ಸಮುದಾಯದ ಹೊಟ್ಟೆಪಾಡಿನಲ್ಲಿ ಇದೆಯೆಂದು ಅದರ ಕೆಳಗೆ ಮಲಗುವವರು ನೆನೆಯುವುದಿಲ್ಲ.

ನಮ್ಮ ಕಡೆಯಲ್ಲಿ ಇದೇ ತೊಡಕು ಬೇರೆ ರೂಪದಲ್ಲಿ ಬಂದಿತು. ೧೮೭೬ರಿಂದ ೧೮೭೮ರವರೆಗಿನ ಧಾತು-ಈಶ್ವರ ಸಂವತ್ಸರಗಳ ಬರವನ್ನು ನಮ್ಮ ಹಿರಿಯರು ಹೇಳಿಕೊಂಡು ಬಂದಿದ್ದಾರೆ. ೧೮೭೧ರ ಖಾನೇಷುಮಾರಿಯಲ್ಲಿ ೫೦ ಲಕ್ಷವನ್ನು ಮೀರಿದ್ದ ಮೈಸೂರು ಸೀಮೆಯ ಜನಸಂಖ್ಯೆಯು ೧೮೮೧ರಲ್ಲಿ ೪೨ ಲಕ್ಷದಷ್ಟಕ್ಕೆ ಇಳಿದಿತ್ತು. ದಾರಿಯ ಬದಿಯಲ್ಲಿ ಸಿಕ್ಕಿದ ಅನಾಥ ಮಕ್ಕಳಿಗಾಗಿ ವೆಸ್ಲಿಯನ್ನರು ತುಮಕೂರಿನಲ್ಲಿ ಗಂಡುಮಕ್ಕಳ ಅನಾಥಾಲಯವನ್ನೂ ಹಾಸನದಲ್ಲಿ ಹೆಣ್ಣುಮಕ್ಕಳದನ್ನೂ ನಡೆಯಿಸಿದರು. ಅಕ್ಷರವನ್ನೂ ಕೈಕಸುಬನ್ನೂ ಕಲಿಸಿದರು. ಪ್ರಾಣವನ್ನು ಉಳಿಸಿದವರ ವಿಷಯದಲ್ಲಿ ದೋಷವೆಣಿಸುವುದು ಹಗುರ ಮನಸ್ಸಿನ ಲಕ್ಷಣ. ಆದರೂ ಚರಿತ್ರೆಯನ್ನು ಬರೆಯುವವನು ಒಂದನ್ನು ಹೇಳಲೇಬೇಕು. ಮಿಷನ್ನಿನ ಆವರಣದಲ್ಲಿ ಬೆಳೆದ ಮಗುವಿಗೆ ಸೋದರಮಾವನಿಲ್ಲ, ಊರಹಬ್ಬವಿಲ್ಲ, ಜಗಲಿಯ ಹರಟೆಯಿಲ್ಲ. ಗಂಟೆ ಹೊಡೆದಾಗ ಏಳುವುದು, ಗಂಟೆ ಹೊಡೆದಾಗ ಪ್ರಾರ್ಥನೆ, ಗಂಟೆ ಹೊಡೆದಾಗ ಊಟ. ಗೋಡೆಯು ಕಳ್ಳಕಾಕರನ್ನು ತಡೆದಂತೆ ಕನ್ನಡದ ಗಾಳಿಯನ್ನೂ ತಡೆಯಿತು. ಎರಡು ತಲೆಮಾರಿನಲ್ಲಿ ಇವರ ಉಡುಗೆ, ಅಡಿಗೆ, ಹೆಸರು ಸ್ವಲ್ಪ ಸ್ವಲ್ಪವಾಗಿ ಪಾದ್ರಿಯ ಬಂಗಲೆಯ ಕಡೆಗೆ ವಾಲಿದುದು ಸಹಜವೇ. ರಾಯಪ್ಪ ಚೌರಪ್ಪರು ಹಳ್ಳಿಯಲ್ಲಿ ಕನ್ನಡಿಗರಾಗಿ ಉಳಿದಷ್ಟು ಸುಲಭವಾಗಿ ಪಟ್ಟಣದ ಆವರಣದಲ್ಲಿ ಉಳಿಯುವುದು ಸಾಧ್ಯವಾಗಲಿಲ್ಲ.

ಈ ಗೋಡೆಯನ್ನು ಕೆಡವುವ ಕೆಲಸವು ಒಳಗಿನವರಿಂದಲೇ ಆಗಬೇಕಾಗಿತ್ತು. ನೆರೆಯ ಮಹಾರಾಷ್ಟ್ರದಲ್ಲಿ ೧೮೯೫ರಲ್ಲಿ ಕ್ರೈಸ್ತರಾದ ಕವಿ ನಾರಾಯಣ ವಾಮನ ಟಿಳಕರು ಅಭಂಗಗಳ ಧಾಟಿಯಲ್ಲಿ ಕ್ರಿಸ್ತನನ್ನು ಹಾಡಿ ಮರಾಠಿ ಸಭೆಗಳ ನಾಲಿಗೆಯನ್ನು ಬಿಡಿಸಿದರು. ತಮಿಳಿನಲ್ಲಿ ಕೃಷ್ಣಪಿಳ್ಳೆಯವರು ಕಂಬನ ಹಾದಿಯಲ್ಲಿ ನಡೆದರು. ಕನ್ನಡದಲ್ಲಿ ಈ ಕೆಲಸಕ್ಕೆ ಬಂದವರು ಕವಿಗಳಲ್ಲ, ಒಬ್ಬ ಸಭಾಪಾಲಕರು. ಅವರೇ ರೆವರೆಂಡ್ ಚನ್ನಪ್ಪ ಉತ್ತಂಗಿಯವರು.

ಇವರು ೧೮೮೧ರ ಅಕ್ಟೋಬರ್ ೨೮ರಂದು ಧಾರವಾಡದಲ್ಲಿ ಹುಟ್ಟಿದರು. ಹಿರಿಯರು ಹಡಗಲಿಯ ಸೀಮೆಯ ಉತ್ತಂಗಿಯವರು. ತಂದೆಯ ಹೆಸರು ದಾನಿಯೇಲಪ್ಪ, ತಾಯಿಯ ಹೆಸರು ಸುಭಕ್ತವ್ವ. ಗುಬ್ಬಿಯಲ್ಲಿ ಡೇನಿಯಲ್ ಎಂದು ಇಂಗ್ಲಿಷಿನ ಉಚ್ಚಾರದಲ್ಲಿಯೇ ಪುಸ್ತಕಕ್ಕೆ ಏರಿದ ಹೆಸರು ಧಾರವಾಡದಲ್ಲಿ ಅಪ್ಪನನ್ನು ಸೇರಿಸಿಕೊಂಡು ಕನ್ನಡವಾಗಿದ್ದುದನ್ನು ವಾಚಕರು ಗಮನಿಸಬೇಕು. ಮಗನಿಗಂತೂ ಚನ್ನಪ್ಪನೆಂಬ ಅಚ್ಚಗನ್ನಡದ ಹೆಸರೇ ಆಯಿತು. ಮಂಗಳೂರಿನ ದೈವಜ್ಞಾನ ಶಾಲೆಯಲ್ಲಿ ಓದಿ, ಬಾಸೆಲ್ ಮಿಷನ್ನಿನ ಸಭೆಗಳಲ್ಲಿ ಇವರು ಕೆಲಸಕ್ಕೆ ನಿಂತರು. ೧೯೧೪ರಲ್ಲಿ ಮಹಾಯುದ್ಧವು ಹೊತ್ತಿದಾಗ ಜರ್ಮನ್ ಪಾದ್ರಿಗಳು ಸೆರೆಯಾದರು. ಮಿಷನ್ನಿನ ಕಾರ್ಖಾನೆಗಳು ಕ್ರಮೇಣ ಕೈಬಿಟ್ಟು ಹೋದವು. ಎಂಬತ್ತು ವರ್ಷ ಊರುಗೋಲಾಗಿದ್ದುದು ಒಮ್ಮೆಗೇ ಜಾರಿತು. ಆಗ ಸಭೆಗಳನ್ನು ನಡೆಯಿಸಿದವರು ಈ ನಾಡಿನ ಪಾಲಕರೇ. ಸ್ವಂತ ಕಾಲಿನ ಮೇಲೆ ನಿಲ್ಲಬೇಕಾಗಿ ಬಂದ ಆ ವರ್ಷಗಳು ಉತ್ತಂಗಿಯವರ ಬಾಳಿನ ಮೂವತ್ತರ ವಯಸ್ಸು.

ಅವರು ಏನು ಮಾಡಿದರು? ಭಾನುವಾರ ಪೀಠದಿಂದ ಸುವಾರ್ತೆಯನ್ನು ಸಾರುವರು. ಉಳಿದ ದಿನಗಳಲ್ಲಿ ಸರ್ವಜ್ಞನನ್ನು ಹುಡುಕುವರು. ತ್ರಿಪದಿಗಳು ಓಲೆಗರಿಗಳಲ್ಲಿಯೂ ಜನರ ಬಾಯಲ್ಲಿಯೂ ಚೆದರಿದ್ದುವು. ಪಾಠಾಂತರಗಳು ಅಸಂಖ್ಯ, ಯಾವುದು ಸರ್ವಜ್ಞನದು, ಯಾವುದು ಬೇರೆಯವರು ಸೇರಿಸಿದುದು ಎಂಬ ಗೊಂದಲ. ಹಳ್ಳಿ ಹಳ್ಳಿ ತಿರುಗಿ, ಕೂಡಿಸಿ, ಹೋಲಿಸಿ ಅವರು ೧೯೨೪ರಲ್ಲಿ ‘ಸರ್ವಜ್ಞನ ವಚನಗಳು’ ಎಂಬ ದೊಡ್ಡ ಸಂಪುಟವನ್ನು ಹೊರತಂದರು. ಅದಕ್ಕೆ ಒಂದು ವರ್ಷ ಹಿಂದೆ ವಿಜಾಪುರದ ಫ. ಗು. ಹಳಕಟ್ಟಿಯವರ ‘ವಚನಶಾಸ್ತ್ರಸಾರ’ವು ಬಂದಿತ್ತು. ಒಬ್ಬರು ವೀರಶೈವ ವಕೀಲರು, ಒಬ್ಬರು ಕ್ರೈಸ್ತ ಪಾಲಕರು. ಇಬ್ಬರೂ ಸ್ವಂತ ಸುಖವನ್ನು ಸವೆಸಿ ಹಳೆಯ ಗರಿಗಳನ್ನು ಬಿಡಿಸುತ್ತ ಕುಳಿತಿದ್ದ ಕಾಲ ಅದು.

ಪಾದ್ರಿಯಾದವನಿಗೆ ಈ ಉಸಾಬರಿ ಏತಕ್ಕೆಂದು ಸಭೆಯೊಳಗಿನವರು ಕೇಳದೆ ಇರಲಾರರು. ಇದರ ಹಿಂದೆ ಯಾವ ಹಂಚಿಕೆಯಿದೆಯೋ ಎಂದು ಹೊರಗಿನವರು ಸಂದೇಹಪಡದೆಯೂ ಇರಲಾರರು. ಎರಡು ಕಡೆಯ ಈ ಇರುಕಿನಲ್ಲಿ ಬಾಳುವುದೇ ಇಂಥವರ ವಿಧಿ. ಉತ್ತಂಗಿಯವರು ಯಾವ ಕಡೆಗೂ ತಮ್ಮ ನಂಬುಗೆಯನ್ನು ಮರೆಮಾಚಲಿಲ್ಲ. ಅವರದೇ ಒಂದು ಪುಸ್ತಕದ ಹೆಸರು ‘ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ’. ವಿನಂತಿಯೆಂಬ ಶಬ್ದವನ್ನು ನೋಡಬೇಕು. ಅದು ಆಜ್ಞೆಯಲ್ಲ, ಖಂಡನವೂ ಅಲ್ಲ. ಮನೆಯ ಕಿರಿಯನು ಹಿರಿಯನ ಮುಂದೆ ಬಂದು ನಿಂತು ಆಡುವ ಮಾತು. ‘ಹಿಂದೂ ಸಮಾಜದ ಹಿತಚಿಂತಕ’ ಎಂಬುದು ಅವರ ಮತ್ತೊಂದು ಪುಸ್ತಕ. ಬೆತ್ಲೆಹೇಮವನ್ನು ಬಿಟ್ಟುಕೊಡದೆಯೇ ಬನಾರಸದ ಹಿತವನ್ನು ಬಯಸಬಹುದೆಂಬುದು ಅವರ ಬಾಳಿನ ನಿಲುವು. ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿದಿದ್ದರೆ ಅವರಿಗೆ ಗೆಳೆಯರು ಹೆಚ್ಚಾಗುತ್ತಿದ್ದರು, ತೊಂದರೆಯೂ ಕಡಿಮೆಯಾಗುತ್ತಿತ್ತು. ಎಲ್ಲವೂ ಒಂದೇ ಎಂದು ಸುಮ್ಮನೆ ಹೇಳಿ ಕೈತೊಳೆದುಕೊಳ್ಳುವ ಸುಲಭೋಪಾಯಕ್ಕೂ ಅವರು ಹೋಗಲಿಲ್ಲ. ಸರ್ವಜ್ಞನು ಹೇಳಿದುದನ್ನು ಸರ್ವಜ್ಞನದೆಂದೇ ಹೇಳಿದರು. ಯೇಸು ಹೇಳಿದುದನ್ನು ಯೇಸುವಿನದೆಂದೇ ಹೇಳಿದರು.

ಸ್ವಾತಂತ್ರ್ಯವು ಬಂದಿತು. ಆರು ವಾರ ಕಳೆದು, ೧೯೪೭ರ ಸೆಪ್ಟೆಂಬರ್ ೨೭ರಂದು ಮದರಾಸಿನಲ್ಲಿ ಹಲವು ಪ್ರಾಟೆಸ್ಟೆಂಟ್ ಪಂಗಡಗಳು ಕೂಡಿ ದಕ್ಷಿಣ ಇಂಡಿಯಾ ಸಭೆಯಾಯಿತು; ಗುಬ್ಬಿ ತುಮಕೂರುಗಳ ವೆಸ್ಲಿಯನ್ನರೂ ಅದರೊಳಗೆ ಸೇರಿದರು. ಇಂಗ್ಲೆಂಡಿನ ಜಗಳದಲ್ಲಿ ಹುಟ್ಟಿದ ಪಂಗಡದ ಹೆಸರುಗಳನ್ನು ನಮ್ಮ ಸೀಮೆಯವರು ನೂರು ವರ್ಷ ಹೊತ್ತಿದ್ದರು, ಅದು ಕೆಳಗಿಳಿಯಿತು. ೧೯೪೮ರ ಸೆಪ್ಟೆಂಬರಿನಲ್ಲಿ ಹೈದರಾಬಾದು ಭಾರತಕ್ಕೆ ಸೇರಿತು. ಮರುವರ್ಷ, ಆವರೆಗೆ ಕನ್ನಡವು ತಲೆಯೆತ್ತಲು ಹೆಣಗುತ್ತಿದ್ದ ಕಲಬುರ್ಗಿಯಲ್ಲಿ ೩೨ನೆಯ ಕನ್ನಡ ಸಾಹಿತ್ಯ ಸಮ್ಮೇಳನವು ಕೂಡಿತು. ಅದರ ಅಧ್ಯಕ್ಷಪೀಠದಲ್ಲಿ ಕನ್ನಡಿಗರು ಕೂರಿಸಿದುದು ಚನ್ನಪ್ಪ ಉತ್ತಂಗಿಯವರನ್ನು. ‘ತಿರುಳ್ಗನ್ನಡ ತಿರುಕ’ನೆಂದು ಜನರು ಅವರನ್ನು ಕರೆದರು. ಊರೂರಿನಲ್ಲಿ ಪದಗಳನ್ನು ಬೇಡಿದವರಿಗೆ ಅದು ಒಪ್ಪುವ ಬಿರುದೇ.

ಪೀಠದಿಂದ ಇಳಿದ ಮೇಲೆಯೂ ಅವರು ಸುಮ್ಮನಿರಲಿಲ್ಲ. ಕಲ್ಯಾಣದ ಅನುಭವಮಂಟಪವು ನಡೆದ ಸಂಗತಿಯೋ ಭಕ್ತರ ಕಲ್ಪನೆಯೋ ಎಂಬ ವಾದವು ಎದ್ದಾಗ, ಅದು ಐತಿಹಾಸಿಕವೆಂದು ಸಮರ್ಥಿಸಿ ಗ್ರಂಥವನ್ನು ಬರೆದವರು ಈ ಕ್ರೈಸ್ತ ಪಾಲಕರು. ವೀರಶೈವರ ಪರವಾಗಿ ವಾದಿಸುವುದಕ್ಕೆ ಅವರು ವೀರಶೈವರಾಗಬೇಕಾಗಲಿಲ್ಲ, ಆಗುವೆನೆಂದೂ ಹೇಳಲಿಲ್ಲ. ಮೋಳಿಗೆಯ ಮಾರಯ್ಯನ ವಚನಗಳನ್ನು ಪರಿಷ್ಕರಿಸಿದರು. ಅದರ ಮೇಲೆ ಸೊನ್ನಲಿಗೆಯ ಸಿದ್ಧರಾಮನನ್ನು ಕೈಗೆತ್ತಿಕೊಂಡರು. ‘ಸಿದ್ಧರಾಮ ಸಾಹಿತ್ಯ ಸಂಗ್ರಹ’ವು ೧೯೫೫ರಲ್ಲಿ ಅಚ್ಚಾಗಿ ಬಂದಾಗ ಅವರಿಗೆ ಎಪ್ಪತ್ತನಾಲ್ಕು ವಯಸ್ಸು ಸಮೀಪಿಸಿತ್ತು. ಏಳು ವರ್ಷ ಕಳೆದು, ೧೯೬೨ರ ಆಗಸ್ಟ್ ತಿಂಗಳಿನಲ್ಲಿ, ದಾನಿಯೇಲಪ್ಪನವರ ಮಗ ಚನ್ನಪ್ಪನವರು ತೀರಿಕೊಂಡರು.